ನಸುಕಿನ ಒಂದೂವರೆಯ ಬೇಸ್‌ಬಾಲ್: ಕಲಬುರಗಿಯಿಂದ ನೋಡಿದ ಒಂದು ಚಂದಾ ಪ್ರಸಾರ

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಪಂದ್ಯಗಳನ್ನು ಕಲಬುರಗಿಯ ಮನೆಯಲ್ಲಿ ಕುಳಿತು ನೋಡಲು ನಾನು ಚಂದಾ ಕಟ್ಟಿದ ಪ್ರಸಾರ ಸೇವೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿ ಹೊಗಳಿದರೆ ಜಾಹೀರಾತಿನಂತೆಯೂ ಹೆಸರು ಹೇಳಿ ದೂರಿದರೆ ಹಗೆಯಂತೆಯೂ ಕಾಣುತ್ತದೆ. ನನ್ನ ಬಳಿ ಎರಡಕ್ಕೂ ಸಾಕಷ್ಟು ಕಾರಣಗಳಿವೆ. ಅದರ ಗುಣದೋಷಗಳನ್ನು ಹೇಳಲು ಒಂದೇ ಪಂದ್ಯ ಸಾಕು. 2024ರ ಮೇ 11ರಂದು ಪಿಟ್ಸ್‌ಬರ್ಗ್‌ನ ಪಿ.ಎನ್.ಸಿ. ಪಾರ್ಕ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಚಿಕಾಗೊ ಕಬ್ಸ್ ತಂಡವನ್ನು 10–9ರಿಂದ ಸೋಲಿಸಿತು. ಪಾಲ್ ಸ್ಕೀನ್ಸ್ ಎಂಬ ಇಪ್ಪತ್ತೊಂದು ವರ್ಷದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಅಲ್ಲಿನ ಅತ್ಯುನ್ನತ ಮಟ್ಟದ ಮೇಜರ್ ಲೀಗಿನಲ್ಲಿ ಮೊದಲ ಸಲ ಚೆಂಡು ಹಿಡಿದದ್ದು ಅಂದೇ. ಆ ಪಂದ್ಯವನ್ನು ನಾನು ಒಮ್ಮೆ ನೇರವಾಗಿ, ಅದೂ ಅರ್ಧಂಬರ್ಧವಾಗಿ, ಆಮೇಲೆ ಎರಡು ಸಲ ಮುದ್ರಿಕೆಯಲ್ಲಿ ಪೂರ್ತಿಯಾಗಿ ನೋಡಿದ್ದೇನೆ.

ಚಂದಾ ಕಟ್ಟಿಸಿದವನು ನನ್ನ ಅಣ್ಣನ ಮಗ. ಎನ್.ವಿ. ಮೈದಾನದಲ್ಲಿ ಟೆನಿಸ್ ಚೆಂಡಿನಿಂದ ವೇಗವಾಗಿ ಬೌಲಿಂಗ್ ಮಾಡುವ ಈ ಹುಡುಗನಿಗೆ, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು 2008ರಲ್ಲಿ ಇದೇ ಪೈರೇಟ್ಸ್ ತಂಡ ಪಿಚರ್‌ಗಳನ್ನಾಗಿ ಸೇರಿಸಿಕೊಂಡಿತ್ತೆಂಬ ಸಂಗತಿ ಎಲ್ಲಿಂದಲೋ ತಿಳಿದಿತ್ತು. ಅಂದಿನಿಂದ ಅವನ ತಂಡ ಪೈರೇಟ್ಸ್. (ಆ ಇಬ್ಬರೂ ಮೇಜರ್ ಲೀಗಿನವರೆಗೆ ಏರಲಿಲ್ಲ ಎಂಬುದನ್ನು ಅವನಿಗೆ ನಾನು ಬಹಳ ದಿನ ಹೇಳಿರಲಿಲ್ಲ.) ಅಲ್ಲಿ ಶನಿವಾರ ಸಂಜೆ 4 ಗಂಟೆ 5 ನಿಮಿಷವೆಂದರೆ ನಮಗೆ ರವಿವಾರ ನಸುಕಿನ 1 ಗಂಟೆ 35 ನಿಮಿಷ. ಲೋಕಸಭೆಗೆ ಮತ ಹಾಕಿ ಐದು ದಿನವೂ ತುಂಬಿರಲಿಲ್ಲ, ಬೆರಳಿನ ಶಾಯಿ ಹಾಗೆಯೇ ಇತ್ತು. ಹಗಲಿನ ಕಾವು ಇನ್ನೂ ಆರದ ಮಾಳಿಗೆಯ ಮೇಲೆ ಹೊರಸು ಹಾಕಿ, ಅದರ ತಲೆದೆಸೆಗೆ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡು ಕುಳಿತೆವು.

ಮೊದಲು ಚಿತ್ರದ ವಿಷಯ. ನಮ್ಮ ಓಣಿಯ ಸಾಮಾನ್ಯ ಇಂಟರ್‌ನೆಟ್ ಸಂಪರ್ಕದಲ್ಲಿಯೂ ಚಿತ್ರ ಒಡೆಯಲಿಲ್ಲ. ವೇಗ ಕಡಿಮೆಯಾದಾಗ ಒಂದೆರಡು ಕ್ಷಣ ಮಂಕಾಗಿ ಮತ್ತೆ ತಿಳಿಯಾಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬೇಸ್‌ಬಾಲ್‌ಗೆ ಇದು ಬಹಳ ಮುಖ್ಯ, ಏಕೆಂದರೆ ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಮುಂದಿನ ಹೋಮ್ ಪ್ಲೇಟಿಗೂ ಇರುವ ಅಂತರ 60 ಅಡಿ 6 ಇಂಚು ಮಾತ್ರ, ಅಂದರೆ ನಮ್ಮ ಕ್ರಿಕೆಟ್ ಪಿಚ್‌ಗಿಂತ ಸುಮಾರು ಐದೂವರೆ ಅಡಿ ಕಡಿಮೆ. ಸ್ಕೀನ್ಸ್‌ನಂಥವರ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಚಿತ್ರ ಅರ್ಧ ಸೆಕೆಂಡು ನಿಂತರೆ ನೋಡಲು ಬಂದದ್ದೇ ಹೋಯಿತು. ಅವನ ಮೊದಲ ಎಸೆತವೇ ಗಂಟೆಗೆ 101 ಮೈಲಿ, ಅಂದರೆ 162 ಕಿಲೋಮೀಟರಿಗೂ ಹೆಚ್ಚು. 2003ರ ವಿಶ್ವಕಪ್‌ನಲ್ಲಿ ಶೋಯಬ್ ಅಖ್ತರ್ ಎಸೆದ 161.3 ಕಿಲೋಮೀಟರಿನ ಚೆಂಡನ್ನು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿರುವ ನಮ್ಮಂಥವರಿಗೆ, ಅದಕ್ಕಿಂತ ವೇಗದ ಎಸೆತ ಪಂದ್ಯದ ಮೊದಲನೆಯದಾಗಿಯೇ ಬಂದರೆ ಏನೆನ್ನಬೇಕು? ಹುಡುಗ ಹೊರಸಿನ ಮೇಲೆ ಎದ್ದು ಕುಳಿತ. “ಕಾಕಾ, ಇಂವ ಬೌಲಿಂಗ್ ಮಾಡ್ಲತ್ತಾನೋ, ಕಲ್ಲು ಒಗಿಲತ್ತಾನೋ?”

ಪ್ರಶ್ನೆ ಸರಿಯಾದದ್ದೇ. ಇಲ್ಲಿ ಓಡಿಬರುವುದಿಲ್ಲ, ಮೊಣಕೈ ನೆಟ್ಟಗಿರಬೇಕೆಂಬ ನಿಯಮವಿಲ್ಲ, ಚೆಂಡು ನೆಲಕ್ಕೆ ಬಡಿಯದೆ ನೇರವಾಗಿ ಬರುತ್ತದೆ, ಮತ್ತು ಆ ಚೆಂಡು ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಇವೆಲ್ಲವನ್ನೂ ಹೇಳಿ ಮುಗಿಸುವ ಮೊದಲೇ ಕಬ್ಸ್‌ನ ಮೊದಲ ಬ್ಯಾಟರ್ ಮೈಕ್ ಟಾಕ್ಮನ್ ಸ್ಟ್ರೈಕ್‌ಔಟ್ ಆಗಿ, ಅಂದರೆ ಮೂರು ಸ್ಟ್ರೈಕ್ (ಹೊಡೆಯಬೇಕಾಗಿದ್ದು ತಪ್ಪಿದ ಎಸೆತ) ಬಿದ್ದು ಔಟಾಗಿ, ಮರಳಿದ್ದ.

ಈ ಸೇವೆಯಲ್ಲಿ ನನಗೆ ಬಹಳ ಹಿಡಿಸಿದ್ದು, ವೀಕ್ಷಕ ವಿವರಣೆಯನ್ನು ನಾವೇ ಆಯ್ದುಕೊಳ್ಳಬಹುದಾದ ಸೌಲಭ್ಯ. ಆತಿಥೇಯ ತಂಡದ ವಿವರಣೆಕಾರರು ಬೇಕೆ, ಎದುರಾಳಿ ತಂಡದವರು ಬೇಕೆ ಎಂದು ಕೇಳುತ್ತದೆ. ಬೇಕಿದ್ದರೆ ಚಿತ್ರವನ್ನು ಹಾಗೆಯೇ ಇಟ್ಟು ಧ್ವನಿಯನ್ನು ಮಾತ್ರ ರೇಡಿಯೊ ವಿವರಣೆಗೆ ಬದಲಿಸಬಹುದು. ಹೊಸಬರು ರೇಡಿಯೊವನ್ನೇ ಆರಿಸಬೇಕೆಂದು ನನ್ನ ಸಲಹೆ. ಟಿ.ವಿ. ವಿವರಣೆಕಾರರು ನಮಗೆ ಎಲ್ಲವೂ ಕಾಣುತ್ತಿದೆ, ಎಲ್ಲವೂ ಗೊತ್ತಿದೆ ಎಂದುಕೊಂಡು ಮಾತನಾಡುತ್ತಾರೆ. ರೇಡಿಯೊದವರು ಪ್ರತಿ ಎಸೆತಕ್ಕೂ ಎಷ್ಟು ಸ್ಟ್ರೈಕ್, ಎಷ್ಟು ಬಾಲ್ (ಬ್ಯಾಟರ್ ಹೊಡೆಯದೆ ಬಿಟ್ಟ, ವಲಯದ ಹೊರಗಿನ ಎಸೆತ), ಯಾವ ಬೇಸಿನಲ್ಲಿ (ಓಟಗಾರ ನಿಲ್ಲುವ ಠಾವು) ಯಾರಿದ್ದಾರೆ ಎಂದು ಹೇಳಿಯೇ ಮುಂದೆ ಹೋಗುತ್ತಾರೆ. ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳಿ ಬೆಳೆದ ಕಿವಿಗೆ ಅದು ಒಗ್ಗುತ್ತದೆ. ಪರದೆಯ ಮೇಲೆ ಸ್ಟ್ರೈಕ್ ವಲಯದ, ಅಂದರೆ ಎಸೆತ ಬರಬೇಕಾದ ಮಿತಿಯ, ಚೌಕವೂ ಎಸೆತದ ವೇಗವೂ ಕಾಣುವುದರಿಂದ ಹುಡುಗನಿಗೆ ಲೆಕ್ಕ ಇಡುವ ಕೆಲಸ ಸಿಕ್ಕಿತು. ಸ್ಕೀನ್ಸ್ ಅಂದು ಎಸೆದ 84 ಚೆಂಡುಗಳಲ್ಲಿ 17 ಚೆಂಡುಗಳು ಗಂಟೆಗೆ 100 ಮೈಲಿ ಮುಟ್ಟಿದವು ಅಥವಾ ದಾಟಿದವು. ವೇಗಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಪ್ಲಿಂಕರ್ ಎಂದು ಕರೆಯುವ ಅವನ ಇನ್ನೊಂದು ಎಸೆತ. ನೇರ ವೇಗದ ಚೆಂಡಿನಂತೆಯೇ ಹೊರಟು, ಪ್ಲೇಟಿನ ಹತ್ತಿರ ಬಂದಾಗ ಯಾರೋ ಕೆಳಗಿನಿಂದ ಜಗ್ಗಿದಂತೆ ಕುಸಿಯುತ್ತದೆ. ಮುದ್ರಿಕೆಯನ್ನು ನಿಧಾನಗತಿಯಲ್ಲಿ ನೋಡಿದಾಗ, ಚೆಂಡು ಇಳಿದುಹೋದ ಮೇಲೂ ಬ್ಯಾಟರ್‌ನ ಕಣ್ಣು ಚೆಂಡು ಇರಬೇಕಾಗಿದ್ದ ಎತ್ತರದಲ್ಲಿಯೇ ಉಳಿದಿರುವುದು ಕಾಣುತ್ತದೆ.

ನಾಲ್ಕು ಇನಿಂಗ್ಸ್ ಹೀಗೆ ನಡೆಯಿತು (ಇಲ್ಲಿ ಎರಡೂ ತಂಡಗಳು ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನಿಂಗ್ಸ್, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು). ಕಬ್ಸ್‌ನ ನಿಕೊ ಹೋರ್ನರ್ ನಮ್ಮ ಸಿಕ್ಸರಿನಂಥ ಒಂದು ಹೋಮ್ ರನ್ ಹೊಡೆದದ್ದು ಬಿಟ್ಟರೆ ದೊಡ್ಡ ನೋವಿಲ್ಲ. ಒಟ್ಟು ಏಳು ಸ್ಟ್ರೈಕ್‌ಔಟ್. ಐದನೆಯ ಇನಿಂಗ್ಸ್‌ನಲ್ಲಿ ಇಬ್ಬರು ಬೇಸ್ ತಲುಪಿದ ಕೂಡಲೇ ತರಬೇತುದಾರರು ಸ್ಕೀನ್ಸ್‌ನನ್ನು ಹೊರಗೆ ಕರೆದರು, ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಗ ಪೈರೇಟ್ಸ್ 6–1ರಿಂದ ಮುಂದಿತ್ತು. ಆಮೇಲೆ ಬಂದ ಪಿಚರ್‌ಗಳು ಸ್ಟ್ರೈಕ್ ವಲಯವನ್ನೇ ಮರೆತವರಂತೆ ಎಸೆಯತೊಡಗಿದರು. ನಾಲ್ಕು ಚೆಂಡು ವಲಯದ ಹೊರಗೆ ಹೋದರೆ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಮೂರು ಬೇಸುಗಳೂ ತುಂಬಿರುವಾಗ ಹಾಗಾದರೆ ಮೂರನೆಯ ಬೇಸಿನವನು ಮನೆ, ಅಂದರೆ ಹೋಮ್ ಪ್ಲೇಟ್, ಸೇರಿ ಒಂದು ರನ್ ಆಗುತ್ತದೆ. ಅದು ಒಂದು ಸಲವಲ್ಲ, ಒಂದರ ಹಿಂದೊಂದು ನಡೆಯಿತು. “ಒಬ್ರೂ ಹೊಡಿಲಿಲ್ಲ, ರನ್ ಹೆಂಗ ಬರ್ಲತ್ತಾವ ಕಾಕಾ?” ಎಂದು ಹುಡುಗ ಕೇಳಿದ. ಓವರಿನ ತುಂಬ ವೈಡ್ ಎಸೆದು ಪಂದ್ಯ ಕಳೆದುಕೊಳ್ಳುವ ಓಣಿಯ ಬೌಲರುಗಳನ್ನು ನೆನಪಿಸಿದೆ. ಅವನು ತಾನೇ ಅಂಥದೊಂದು ಓವರ್ ಹಾಕಿದವನಾದ್ದರಿಂದ ಮತ್ತೆ ಕೇಳಲಿಲ್ಲ.

ಅದೇ ಇನಿಂಗ್ಸ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಳೆ ಸುರಿಯಿತು, ಮತ್ತು ಸೇವೆಯ ಬಗ್ಗೆ ನನ್ನ ದೊಡ್ಡ ದೂರು ಹುಟ್ಟಿದ್ದೂ ಆಗಲೇ. ಆಟ ನಿಂತದ್ದು 2 ಗಂಟೆ 20 ನಿಮಿಷ. ಅಷ್ಟು ಹೊತ್ತೂ ನಮ್ಮ ಪರದೆಯ ಮೇಲೆ ಪಂದ್ಯ ತಡವಾಗಿದೆ ಎಂಬ ಒಂದು ಫಲಕ ಮಾತ್ರ. ಎಷ್ಟು ಹೊತ್ತಾಗಬಹುದೆಂಬ ಅಂದಾಜಿಲ್ಲ, ಮೈದಾನದ ಚಿತ್ರವಿಲ್ಲ. ಇಲ್ಲಿ ಬಿಸಿಲಿನಿಂದ ಬೆಂದ ಮಾಳಿಗೆಯ ಮೇಲೆ ಒಂದು ಹನಿ ಮಳೆಗಾಗಿ ಕಾದು ಕುಳಿತವರಿಗೆ ಬೇರೆಯವರ ಮಳೆಯನ್ನಾದರೂ ತೋರಿಸಬಹುದಾಗಿತ್ತು! ಆಟ ಮತ್ತೆ ಆರಂಭವಾದಾಗ ಸೂಚನೆ ಕಳುಹಿಸಬೇಕೆಂದು ಒತ್ತಿ ಇಟ್ಟಿದ್ದೆ. ಯಾವ ಸೂಚನೆಯೂ ಬರಲಿಲ್ಲ. ಇಬ್ಬರಿಗೂ ನಿದ್ದೆ ಹತ್ತಿತು. ಬಿಸಿಲು ಮುಖಕ್ಕೆ ಬಿದ್ದು ಎಚ್ಚರವಾಗುವ ಹೊತ್ತಿಗೆ ಪಂದ್ಯ ಬಹಳ ದೂರ ಹೋಗಿತ್ತು, ಮುನ್ನಡೆ ಕೈಬಿಟ್ಟು ಮರಳಿ ಕೈಸೇರಿತ್ತು. ಕೊನೆಯ ಕೆಲವು ಎಸೆತಗಳಷ್ಟೇ ನಮಗೆ ದಕ್ಕಿದವು. ಮೇಲೆ ಬಂದ ಅವ್ವ, “ರಾತ್ರಿಯೆಲ್ಲಾ ಅದನ್ನ ಹಚ್ಕೊಂಡು ಕುಂತು, ಗೆದ್ದವರ್ಯಾರು ಅಂತ ನಿಮಗೇ ಗೊತ್ತಿಲ್ಲೇನ್ರೋ?” ಎಂದು ಕೇಳಿ ಸುಸಲಾ ಆರುತ್ತದೆ ಎಂದು ಕೂಗಿ ಇಳಿದಳು.

ವಿಚಿತ್ರವೆಂದರೆ, ಆರಂಭದ ಸೂಚನೆ ಕಳುಹಿಸದ ಅದೇ ಸೇವೆ ಅಂತಿಮ ಸ್ಕೋರನ್ನು ಮಾತ್ರ ಫೋನಿಗೆ ತಪ್ಪದೆ ಕಳುಹಿಸುತ್ತದೆ. ಸ್ಕೋರು ಮುಚ್ಚಿಡುವ ಆಯ್ಕೆ ಇದೆ, ಆದರೆ ಅದು ಸೆಟ್ಟಿಂಗ್‌ಗಳ ಒಳಗೆ ಹುಡುಕಿದರೆ ಮಾತ್ರ ಸಿಗುತ್ತದೆ. ರಾತ್ರಿಯ ಪಂದ್ಯವನ್ನು ಸಂಜೆ ನೋಡುವ ನಮ್ಮ ಭಾಗದವರು ಚಂದಾ ಕಟ್ಟಿದ ದಿನವೇ ಅದನ್ನು ಒತ್ತಿಕೊಳ್ಳಬೇಕು. ಹಣದ ವಿಷಯಕ್ಕೆ ಬಂದರೆ, ಡಾಲರಿನಲ್ಲಿ ಕಟ್ಟಬೇಕು, ಯು.ಪಿ.ಐ. ನಡೆಯುವುದಿಲ್ಲ, ವಿದೇಶಿ ವಹಿವಾಟಿಗೆಂದು ಬ್ಯಾಂಕು ತನ್ನ ಪಾಲನ್ನು ಬೇರೆಯಾಗಿ ಕಡಿದುಕೊಳ್ಳುತ್ತದೆ. ಸಹಾಯ ಕೇಂದ್ರಕ್ಕೆ ಬರೆದ ನನ್ನ ಪತ್ರಕ್ಕೆ ಒಂದು ವಾರದ ಮೇಲೆ ಉತ್ತರ ಬಂದಿತು, ಅದೂ ನಾನು ಕೇಳದ ಪ್ರಶ್ನೆಗೆ.

ಆದರೂ ಮುದ್ರಿಕೆಗಳ ಸಂಗ್ರಹಕ್ಕಾಗಿ ಈ ಸೇವೆಯನ್ನು ನಾನು ಬಿಟ್ಟಿಲ್ಲ. ಪಂದ್ಯವನ್ನು ಇನಿಂಗ್ಸ್‌ವಾರು ತೆರೆಯಬಹುದು, ಮಳೆಯ ಹೊತ್ತನ್ನು ಕತ್ತರಿಸಿ ತೆಗೆದಿದ್ದಾರೆ. ಜೊತೆಗೆ ಕೆಲವೇ ನಿಮಿಷಗಳ ಸಾರಾಂಶವೂ ಇರುತ್ತದೆ; ಅದನ್ನು ಮಾತ್ರ ನೋಡುವವರು ಈ ಹಣ ಖರ್ಚು ಮಾಡಬೇಕಾಗಿಲ್ಲ. ಸಾರಾಂಶದಲ್ಲಿ ಏಳು ಸ್ಟ್ರೈಕ್‌ಔಟ್‌ಗಳಿವೆ, ಹೋಮ್ ರನ್‌ಗಳಿವೆ, ಚಪ್ಪಾಳೆಯಿದೆ. ಪೂರ್ತಿ ಮುದ್ರಿಕೆಯಲ್ಲಿ ಮಾತ್ರ, ಸ್ಕೀನ್ಸ್ ಬೇಸುಗಳಲ್ಲಿ ಬಿಟ್ಟುಹೋದ ಇಬ್ಬರು ಓಟಗಾರರು ಬೇರೆಯವರ ಕೈಯಲ್ಲಿ ಮನೆ ಸೇರಿದ್ದು ಕಾಣುತ್ತದೆ. ಆ ಎರಡೂ ರನ್‌ಗಳು ನಿಯಮದಂತೆ ಸ್ಕೀನ್ಸ್‌ನ ಲೆಕ್ಕಕ್ಕೇ ಬಿದ್ದವು. ನಾಲ್ಕು ಇನಿಂಗ್ಸ್‌ಗೆ ಮೂರು ರನ್, ಒಂಬತ್ತು ಇನಿಂಗ್ಸ್‌ನ ಸರಾಸರಿಯಲ್ಲಿ 6.75. ಆರಂಭದ ಪಿಚರ್ ಐದು ಇನಿಂಗ್ಸ್ ಪೂರ್ತಿ ಮಾಡದಿದ್ದರೆ ಗೆಲುವು ಅವನ ಹೆಸರಿಗೆ ಬರುವುದಿಲ್ಲವಾದ್ದರಿಂದ, ತಂಡ ಗೆದ್ದರೂ ಅವನ ಖಾತೆ ಖಾಲಿ. ಅದೇ ವರ್ಷದ ಕೊನೆಗೆ ಆ ಸರಾಸರಿ 1.96ಕ್ಕೆ ಇಳಿದು ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೆ ಬಂದಿತು, 2025ರಲ್ಲಿ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಬಂದಿತು. ಇಷ್ಟನ್ನು ತಿಳಿದುಕೊಂಡು ಮೊನ್ನೆ ಮತ್ತೊಮ್ಮೆ ಆ ಐದನೆಯ ಇನಿಂಗ್ಸ್ ಹಾಕಿ ನೋಡಿದಾಗ ನನ್ನ ಕಣ್ಣು ದಿಬ್ಬದ ಕಡೆಗೆ ಹೋಗಲಿಲ್ಲ. ಕೆಲಸ ಮುಗಿದು ಬೆಂಚಿಗೆ ಸರಿದ ಹೊಸ ಹುಡುಗನನ್ನು ಕ್ಯಾಮೆರಾ ಮತ್ತೆ ಯಾವಾಗ ತೋರಿಸುತ್ತದೆಂದು ಕಾಯುತ್ತ ಕುಳಿತಿದ್ದೆ.

ಆಟದ ನಿಯಮ ಒಂದಿಷ್ಟಾದರೂ ಗೊತ್ತಿದ್ದು, ಮನೆಯಲ್ಲಿ ಯಾರಾದರೂ ಒಬ್ಬರು ಜೊತೆಗೆ ಕುಳಿತು ನೋಡುವವರಿದ್ದರೆ ಈ ಚಂದಾ ದುಬಾರಿಯಲ್ಲ. ಒಬ್ಬರೇ ಇದ್ದು ನಿದ್ದೆಗೆಡಲಾಗದವರು ಒಂದು ತಿಂಗಳಿಗೆ ಮಾತ್ರ ತೆಗೆದುಕೊಂಡು ನೋಡಲಿ. ನಾವು ಈ ಋತುವಿಗೂ ಕಟ್ಟಿದ್ದೇವೆ. ಆದರೆ ಮಳೆಯಾದಾಗ ಎಬ್ಬಿಸುವ ಕೆಲಸವನ್ನು ಸೇವೆಗೆ ಬಿಡದೆ ಅವ್ವನ ಹಳೆಯ ಅಲಾರಂ ಗಡಿಯಾರಕ್ಕೆ ಒಪ್ಪಿಸಿದ್ದೇವೆ.