ಅಡಕತ್ತರಿಗೂ ಬಗ್ಗದ ಮಾಸ್‌ಮೀನು: ಐದಕ್ಕೆ ನಾಲ್ಕು

ಕಾಸರಗೋಡು ಪೇಟೆಯ ಒಂದು ಒಣಮೀನಿನ ಅಂಗಡಿಯಿಂದ ಲಕ್ಷದ್ವೀಪದ ಮಾಸ್ ತಂದೆ. ಕಾಲು ಕಿಲೋ ಪೊಟ್ಟಣಕ್ಕೆ 380 ರೂಪಾಯಿ. ಕಳೆದ ವರ್ಷ ಇಲ್ಲೇ 300 ಕೊಟ್ಟಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಚೂರ, ಅಂದರೆ ಟ್ಯೂನಾ ಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿದರೆ ಮಾಸ್. ನಮ್ಮ ಒಣ ಬಂಗುಡೆಯಷ್ಟು ವಾಸನೆ ಇಲ್ಲ, ಆದರೆ ಗಟ್ಟಿ ಎಂದರೆ ಹಲಸಿನ ಮರದ ತುಂಡು. ಮೊದಲ ಸಲ ಅಡಕತ್ತರಿಗೆ ಇಟ್ಟು ಒತ್ತಿದೆ. ಮೀನು ಹಾಗೇ ಉಳಿಯಿತು, ಕತ್ತರಿ ಸಡಿಲವಾಯಿತು. ಅತ್ತೆಯ ಕಾಲದ ಕತ್ತರಿ, ಆ ಸಂಕಟ ಇನ್ನೂ ಇದೆ. ಈಗ ಬಟ್ಟೆಯಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜುತ್ತೇನೆ. ಆ ಪುಡಿಗೆ ಕಾಯಿತುರಿ, ಸಣ್ಣ ನೀರುಳ್ಳಿ, ಗಾಂಧಾರಿ ಮೆಣಸು, ಚಿಟಿಕೆ ಅರಸಿನ ಹಾಕಿ ಬಾಡಿಸಿದರೆ ಕುಚ್ಚಲಕ್ಕಿ ಗಂಜಿಗೆ ಬೇರೆ ಪದಾರ್ಥ ಬೇಡ.

ರೇಟು ಯಾಕೆ ಏರಿತು ಇಚ್ಚ, ಎಂದು ಅಂಗಡಿಯವನನ್ನು ಕೇಳಿದೆ. (ಇಚ್ಚ ಎಂದರೆ ಅಣ್ಣ.) "ಮಾಲೇ ಬರುವುದಿಲ್ಲ ಅಕ್ಕ. ಅಲ್ಲಿ ಎರೆಮೀನು ಸಿಗುವುದಿಲ್ಲವಂತೆ."

ಇಚ್ಚ ವ್ಯಾಪಾರಿ, ಆ ಮಾತಿನಲ್ಲಿ ಹತ್ತಿಪ್ಪತ್ತು ರೂಪಾಯಿ ಸೇರಿರಬಹುದು. ಎರೆಮೀನಿನ ಕತೆ ಮಾತ್ರ ಸುಳ್ಳಲ್ಲ. ಲಕ್ಷದ್ವೀಪದ ಮಿನಿಕಾಯ್ ದ್ವೀಪದವರು ಚೂರವನ್ನು ದೊಡ್ಡ ಬಲೆಯಲ್ಲಿ ಬಾಚುವುದಿಲ್ಲ. ಜೀವಂತ ಸಣ್ಣ ಮೀನು ಎರಚಿ, ಮೇಲೆದ್ದ ಚೂರವನ್ನು ಉದ್ದ ಗಾಳದಲ್ಲಿ ಒಂದೊಂದಾಗಿ ಎತ್ತುತ್ತಾರೆ. ಆ ಸಣ್ಣ ಮೀನು ಸಿಗುವುದು ದ್ವೀಪದ ಒಳಗಡಲಲ್ಲಿ, ಹವಳದ ಸಂದಿಯಲ್ಲಿ. ಕಡಲು ಬಿಸಿಯಾದರೆ ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ, ಆ ಸಣ್ಣ ಮೀನಿಗೆ ನೆಲೆ ತಪ್ಪುತ್ತದೆ. 1998, 2010, 2016 ಮೂರೂ ಹಾಗೇ ಆದ ವರ್ಷಗಳು. 2023ರ ಅಕ್ಟೋಬರಿನಿಂದ ಮತ್ತೆ ಕಾವು ಏರಿ, 2024ರ ಮೇಯಲ್ಲಿ ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹವಳ ಬಿಳಿಚಿದ್ದನ್ನು ಹೇಳಿತು.

ಮೀನು ಹೋದರೆ ಬೇರೆ ಮೀನು ತಿನ್ನಬಹುದು ಎನ್ನಬೇಡಿ. ಇಲ್ಲಿ ಕಡಲ್ಕೊರೆತಕ್ಕೆ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ. ಅಲ್ಲಿ ತೆರೆ ತಡೆಯುವ ಗೋಡೆಯೇ ಹವಳ. ನೆಲ ಇರುವುದು ನೀರಿನಿಂದ ಒಂದೆರಡು ಮೀಟರ್ ಎತ್ತರದಲ್ಲಿ. ಅಲ್ಲಿನ ಬಂಗಾರಂ ದ್ವೀಪದ ಬಳಿಯ ಪರಳಿ-1 ಎಂಬ ನಿರ್ಜನ ದ್ವೀಪ 1968ರಲ್ಲಿ 0.032 ಚದರ ಕಿಲೋಮೀಟರ್ ಇತ್ತು, ಅಂದರೆ ಸುಮಾರು ಎಂಟು ಎಕರೆ, ನಮ್ಮ ಕಡೆಯ ಒಂದು ಅಡಿಕೆ ತೋಟ. 2013ರ ಹೊತ್ತಿಗೆ ಪೂರ್ತಿ ಕೊಚ್ಚಿಹೋಗಿತ್ತು. ಬಾವಿಯಲ್ಲೂ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲುವುದಷ್ಟೇ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನೇ ಸಿಹಿ ಮಾಡುತ್ತಿದ್ದಾರೆ.

ಇಷ್ಟೆಲ್ಲ ದೂರದ ಊರಿನ ಸುದ್ದಿ ಎನ್ನಿಸುವುದಿಲ್ಲ ನನಗೆ. 1956ರವರೆಗೆ ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಅಲ್ಲಿನ ಓಡಗಳು ಮಂಗಳೂರು ಬಂದರಿಗೆ ತೆಂಗಿನ ನಾರಿನ ಹುರಿ ತಂದು ಅಕ್ಕಿ ಒಯ್ದದ್ದನ್ನು ಅಜ್ಜ ಹೇಳುತ್ತಿದ್ದರು.

ಒಂದು ನಕ್ಷತ್ರ ಕಡಿತ ಪೊಟ್ಟಣಕ್ಕೆ. "ಲಕ್ಷದ್ವೀಪ್ ಸ್ಪೆಷಲ್" ಎಂದು ದಪ್ಪಕ್ಷರವಿದೆ. ಯಾವ ದ್ವೀಪ, ಯಾವ ತಿಂಗಳಲ್ಲಿ ಒಣಗಿಸಿದ್ದು, ಒಂದೂ ಇಲ್ಲ. ತೆಳು ಪ್ಲಾಸ್ಟಿಕ್ ಬೇರೆ. ತಂದ ದಿನವೇ ಒಂದು ಬಿಸಿಲು ತೋರಿಸಿ ಗಾಜಿನ ಭರಣಿಗೆ ಹಾಕಿ. ಬೇಕಾದವರು ಮೇ ಒಳಗೆ ಹೇಳಿಡಿ, ಜೂನ್ ಬಂದರೆ ಇಚ್ಚನಲ್ಲೂ ಸಿಗುವುದಿಲ್ಲ.