ಕ್ಯೂಟಿಯ ಪ್ರೋಗ್ರೆಸ್ ಬಾರ್: ಒಂದು ಫೈಲಿಗೆ ಎರಡು ಸಲ ತುಂಬಿದ ಕಥೆ

"ನಿನ್ನ ಪ್ರೋಗ್ರಾಂ ಒಂದೇ ವಿಡಿಯೋನ ಎರಡೆರಡು ಸಲ ಕಾಪಿ ಮಾಡ್ತಿದೆ ಕಣೋ" ಅಂತ ಅಕ್ಕ ಫೋನ್ ಮಾಡಿದಳು. ಬಾರ್ 99ಕ್ಕೆ ಹೋಗಿ ನಿಂತಿತಂತೆ. ಎಷ್ಟೋ ಹೊತ್ತಾದ ಮೇಲೆ ಮತ್ತೆ ಸೊನ್ನೆಯಿಂದ ಶುರುವಾಯಿತಂತೆ. ನಾನು ನಂಬಲಿಲ್ಲ. ಕೂತು ನೋಡಿದೆ, ನಿಜ!

ಫೈಲ್ ಕಾಪಿ ಮಾಡುವ ಆ ಪುಟ್ಟ ಪ್ರೋಗ್ರಾಂ ನಾನೇ ಬರೆದದ್ದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ, ಕಿಟಕಿ, ಗುಂಡಿಗಳನ್ನು ಸಿದ್ಧವಾಗಿ ಕೊಡುವ ಕ್ಯೂಟಿ (Qt) ಬಳಸಿ. ಕೆಲಸ ಎಷ್ಟಾಯಿತು ಅಂತ ತೋರಿಸುವ ಅದರ ಪಟ್ಟಿ ಕ್ಯೂಪ್ರೋಗ್ರೆಸ್‌ಬಾರ್‌ಗೆ (QProgressBar) ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಾಲ್ಕು ಸಾಲು ಕೋಡ್ ಬರೆದರೆ ಪರದೆಯ ಮೇಲೆ ಬರುತ್ತದೆ, ನೋಡಲು ಚೆನ್ನಾಗಿದೆ. ಕೈಪಿಡಿಯೂ ಅಚ್ಚುಕಟ್ಟು. ಆ ಒಂದು ಅಂಕ ಹೋದದ್ದು ಎಲ್ಲಿ ಅಂತ ಹೇಳುತ್ತೇನೆ.

ಮೊದಲ ತಪ್ಪು ಪೂರ್ತಿ ನನ್ನದೇ. ಕಾಪಿಯನ್ನೂ ಕಿಟಕಿಯನ್ನೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಕೆಲಸದ ಒಂದೇ ಸಾಲಿನಲ್ಲಿ, ಓಡಿಸಿದ್ದೆ. ಕಿಟಕಿ ಅಲುಗದೆ ನಿಂತಿತು, ಬಾರ್ ಕೊನೆಗೆ ಒಂದೇ ಸಲ ನೂರಕ್ಕೆ ಹಾರಿತು. ಕಾಪಿ ಮಾಡುವ ಲೂಪ್ ಒಳಗೆ ಪ್ರೊಸೆಸ್‌ಇವೆಂಟ್ಸ್ (ನಡುನಡುವೆ ನಿಂತು ಗುಂಡಿ ಒತ್ತಿದ್ದನ್ನೆಲ್ಲ ನೋಡಿಕೊಳ್ಳುವ ಆಜ್ಞೆ) ಹಾಕಿ ತೇಪೆ ಹಚ್ಚಿದೆ. ಅಕ್ಕ 'ಶುರು' ಗುಂಡಿಯನ್ನು ಎರಡು ಸಲ ಒತ್ತಿದಳು. ಒಂದು ಕಾಪಿಯ ಹೊಟ್ಟೆಯೊಳಗೇ ಇನ್ನೊಂದು ಕಾಪಿ ಶುರು! ಕಾಪಿ ಕೆಲಸಕ್ಕೆ ಬೇರೆ ಥ್ರೆಡ್ ಕೊಟ್ಟು, ಸಿಗ್ನಲ್ ಮೂಲಕ ಬಾರ್‌ಗೆ ಸುದ್ದಿ ಕಳಿಸಿದ ಮೇಲೆ ಅದು ಸರಿಹೋಯಿತು.

ಈಗ ಎರಡು ಸಲ ತುಂಬುವ ವಿಷಯ. ಬಾರ್‌ನ ಗರಿಷ್ಠ ಮಿತಿ ಹೇಳುವ ಸೆಟ್‌ಮ್ಯಾಕ್ಸಿಮಮ್ ತೆಗೆದುಕೊಳ್ಳುವುದು ಇಂಟ್, ಅಂದರೆ 32 ಬಿಟ್‌ನ ಪೂರ್ಣಾಂಕ. ಅದರಲ್ಲಿ ಹಿಡಿಸುವುದು ಹೆಚ್ಚೆಂದರೆ 2,147,483,647. ನಾನು ಬೈಟ್ ಲೆಕ್ಕವನ್ನೇ ನೇರ ಕೊಟ್ಟಿದ್ದೆ. ಅಕ್ಕನ ವಿಡಿಯೋ ಸುಮಾರು 500 ಕೋಟಿ ಬೈಟ್. ಇಂಟ್ ಒಳಗೆ ತುರುಕಿದಾಗ, ಅದರ ಒಂದು ಪೂರ್ತಿ ಸುತ್ತಾದ (ಋಣ ಅಂಕಿಗಳೂ ಸೇರಿ) 429 ಕೋಟಿ ಚಿಲ್ಲರೆ ಉದುರಿಹೋಗಿ ಬಾರ್‌ಗೆ ಕಂಡದ್ದು ಬರೀ 70 ಕೋಟಿ. ಹಾಗಾಗಿ ಕಾಪಿ ಶೇ. 14 ಆಗುವಷ್ಟರಲ್ಲೇ ಬಾರ್ ತುಂಬಿತು. ಮಿತಿ ದಾಟಿದ ಅಂಕಿ ಕೊಟ್ಟರೆ ಈ ಬಾರ್ ಸುಮ್ನೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದಕ್ಕೇ ನಿಂತಿತು. 429 ಕೋಟಿ ದಾಟಿದ ಮೇಲೆ ಅಂಕಿ ಸುತ್ತು ಹೊಡೆದು ಸೊನ್ನೆಗೆ ಬಂತು, ಬಾರ್ ಎರಡನೇ ಸಲ ತುಂಬಿತು. ಇಷ್ಟೆಲ್ಲ ಆದರೂ ಕಂಪೈಲರ್ ತುಟಿ ಬಿಚ್ಚಲಿಲ್ಲ. ಸಣ್ಣ ಫೈಲಲ್ಲಿ ಪರೀಕ್ಷೆ ಮಾಡಿದ್ದ ನನಗೂ ಗೊತ್ತಾಗಲಿಲ್ಲ. ಈ ಕಾಲದಲ್ಲೂ ಇಂಟ್ ಯಾಕೆ, ಅಲ್ವಾ? ಅಂಕ ಕಳೆದದ್ದು ಇದಕ್ಕೇ.

ಪರಿಹಾರ ಒಂದೇ ಸಾಲು. ಬಾರ್‌ನ ಮಿತಿ 0ಯಿಂದ 1000. ಆದ ಬೈಟ್ ಗುಣಿಸು 1000, ಭಾಗಿಸು ಒಟ್ಟು ಬೈಟ್. ಈ ಲೆಕ್ಕವನ್ನು 64 ಬಿಟ್‌ನಲ್ಲಿ ಮಾಡಿ, ಬಂದ ಉತ್ತರವನ್ನಷ್ಟೇ ಬಾರ್‌ಗೆ ಕೊಡಬೇಕು. ಉತ್ತರ ಬದಲಾದಾಗ ಮಾತ್ರ ಸಿಗ್ನಲ್ ಕಳಿಸಿದರೆ ಇನ್ನೂ ಒಳ್ಳೆಯದು. ಮೊದಲು 64 ಕೆಬಿಗೆ ಒಂದರಂತೆ ಕಳಿಸುತ್ತಿದ್ದೆ. 4 ಜಿಬಿ ಫೈಲಿಗೆ 65,536 ಸಿಗ್ನಲ್!

ಮೊನ್ನೆ ಅಕ್ಕ ಮತ್ತೆ ಫೋನ್ ಮಾಡಿದಳು. "ನೂರಾಗಿದೆ, ಆದರೆ ಪೆನ್‌ಡ್ರೈವ್ ಲೈಟು ಇನ್ನೂ ಮಿನುಗ್ತಿದೆ." ಮೆಮೊರಿಯಲ್ಲಿ ಉಳಿದದ್ದು ಇನ್ನೂ ಡ್ರೈವ್‌ಗೆ ಇಳಿಯುತ್ತಿತ್ತು. ಅಷ್ಟು ಹೊತ್ತು ಬಾರ್‌ನ ಕನಿಷ್ಠ, ಗರಿಷ್ಠ ಮಿತಿ ಎರಡೂ ಸೊನ್ನೆ ಇರುವಂತೆ ಈಗ ಮಾಡಿಟ್ಟಿದ್ದೇನೆ. ಆಗ ಬಾರ್ ಅಂಕಿ ತೋರಿಸದೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಅದು ನಿಲ್ಲುವ ತನಕ ಪೆನ್‌ಡ್ರೈವ್ ಕೀಳಬೇಡ ಅಂತ ಅವಳಿಗೆ ಹೇಳಿದ್ದೇನೆ.