ಲಾರಾವೆಲ್ ರೂಲ್ ಕ್ಲಾಸ್: ನಾಲ್ಕು ವರ್ಷ ಬಳಸಿದ ಮೇಲೆ

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಕೊಡೋದು ನನ್ನ ಕೆಲಸ. ಅದಕ್ಕೆ ಬಳಸೋದು ಲಾರಾವೆಲ್, ಅಂದರೆ ಪಿಎಚ್‌ಪಿ ಭಾಷೆಯಲ್ಲಿ ವೆಬ್ ಸಾಫ್ಟ್‌ವೇರ್ ಕಟ್ಟಲು ಇರುವ ಫ್ರೇಮ್‌ವರ್ಕ್. ಮೊದಲೆಲ್ಲ ಮೊಬೈಲ್ ನಂಬರ್ ಚೆಕ್ ಮಾಡುವ ರೆಜೆಕ್ಸ್ (ಅಕ್ಷರ-ಅಂಕಿಗಳ ಮಾದರಿ ಹೊಂದುತ್ತದಾ ಅಂತ ನೋಡುವ ಸೂತ್ರ), ಫಾರ್ಮಿನ ಮಾಹಿತಿ ತೆಗೆದುಕೊಳ್ಳುವ ಆರು ಕಂಟ್ರೋಲರ್‌ಗಳಲ್ಲಿ ಕಾಪಿ-ಪೇಸ್ಟ್ ಆಗಿ ಕೂತಿತ್ತು. 6ರಿಂದ ಶುರುವಾಗುವ ನಂಬರ್‌ಗಳು ಬಂದಾಗ ಐದು ಕಡೆ ತಿದ್ದಿದೆ, ಒಂದು ಕಡೆ ಮರೆತೆ. ಎಲ್ಲಿ ಮರೆತೆ ಅಂತ ಅಂಗಡಿಯವರೇ ಫೋನ್ ಮಾಡಿ ಹೇಳಿದರು. ಅವತ್ತೇ ರೂಲ್ ಕ್ಲಾಸಿಗೆ ಬಂದೆ, ಅಂದರೆ ಒಂದು ಚೆಕ್ಕನ್ನು ಒಂದೇ ಫೈಲಿನಲ್ಲಿ ಬರೆದಿಟ್ಟು ಎಲ್ಲ ಕಡೆ ಬಳಸುವ ದಾರಿಗೆ.

ಈಗ ಹೊಸ ಫಾರ್ಮ್ ಶುರು ಮಾಡುವ ದಿನ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಮೊದಲು ‘ಮೇಕ್ ರೂಲ್’ ಕಮಾಂಡ್ ಹೊಡೆಯುತ್ತೇನೆ. ರೂಲ್ಸ್ ಫೋಲ್ಡರಿನಲ್ಲಿ ಒಂದು ಪುಟ್ಟ ಫೈಲು ಬಂದು ಕೂರುತ್ತದೆ. ಲಾರಾವೆಲ್ 10ರಿಂದ ಒಳಗೆ ಒಂದೇ ಮೆಥಡ್ (ಕೆಲಸ ಮಾಡುವ ಕೋಡ್ ತುಣುಕು), ವ್ಯಾಲಿಡೇಟ್. ತಪ್ಪಿದ್ದರೆ ‘ಫೇಲ್’ ಕರೆದರಾಯಿತು.

ನನಗೆ ಜಾಸ್ತಿ ಇಷ್ಟವಾದದ್ದು ಜಿಎಸ್‌ಟಿ ನಂಬರಿನ ರೂಲ್. ಒಟ್ಟು 15 ಅಕ್ಷರ. ಮೊದಲೆರಡು ರಾಜ್ಯದ ಕೋಡ್ (ನಮ್ಮದು 29), ಆಮೇಲೆ 10 ಅಕ್ಷರದ ಪ್ಯಾನ್, ಕೊನೆಯದು ಚೆಕ್ ಅಕ್ಷರ, ಅಂದರೆ ಹಿಂದಿನ 14ರಿಂದ ಲೆಕ್ಕ ಹಾಕಿ ತಪ್ಪು ಹಿಡಿಯೋದಕ್ಕೆ ಇರುವಂಥದ್ದು. ಆ ಲೆಕ್ಕ ಒಂದೇ ಸಲ ಬರೆದೆ. ಖರೀದಿ, ಮಾರಾಟ, ಸಪ್ಲೈಯರ್, ಎಲ್ಲ ಫಾರ್ಮಿಗೂ ಅದೇ ರೂಲ್. ‘ನಂಬರಿನಲ್ಲಿ ಎಲ್ಲೋ ತಪ್ಪಿದೆ, ಇನ್ನೊಮ್ಮೆ ನೋಡಿ’ ಅಂತ ಕನ್ನಡದಲ್ಲೇ ಮೆಸೇಜ್ ಹಾಕಿದೆ. ‘ಇನ್‌ವ್ಯಾಲಿಡ್ ಅಂದ್ರೇನು ಸರ್’ ಅನ್ನೋ ಫೋನು ನಿಂತಿತು.

ಇಷ್ಟೆಲ್ಲ ಹೊಗಳಿದೆ ಅಲ್ವಾ, ಈಗ ಸಿಟ್ಟಿನ ವಿಷಯ. ನೋಂದಾಯಿತ ವ್ಯಾಪಾರಿಯಾದರೆ ಜಿಎಸ್‌ಟಿ ನಂಬರ್ ಕೊಡಲೇಬೇಕು ಅನ್ನೋ ಷರತ್ತನ್ನೂ ಅದೇ ಕ್ಲಾಸಿನೊಳಗೆ ತುರುಕಿದ್ದೆ. ಮೂರು ಬಿಲ್ ನಂಬರೇ ಇಲ್ಲದೆ ಸೇವ್ ಆದವು. ರಾತ್ರಿ ಎರಡು ಗಂಟೆ ಹುಡುಕಿದೆ. ನೋಡಿದರೆ, ಫೀಲ್ಡ್ ಖಾಲಿ ಇದ್ದರೆ ಲಾರಾವೆಲ್ ನಮ್ಮ ರೂಲನ್ನು ಕರೆಯೋದೇ ಇಲ್ಲ! ಎರರ್ ಇಲ್ಲ, ಲಾಗ್ ಇಲ್ಲ, ಸುಮ್ನೆ ದಾಟಿಕೊಂಡು ಹೋಗುತ್ತದೆ. ನನ್ನ ಟೆಸ್ಟ್‌ಗಳೋ (ಕೋಡನ್ನು ಪರೀಕ್ಷಿಸುವ ಕೋಡ್) ಎಲ್ಲ ಹಸಿರು, ಅಂದರೆ ಪಾಸ್. ಯಾಕೆಂದರೆ ಅವು ವ್ಯಾಲಿಡೇಟ್ ಮೆಥಡನ್ನು ನೇರವಾಗಿ ಕರೆಯುತ್ತಿದ್ದವು, ಖಾಲಿ ಫೀಲ್ಡನ್ನು ದಾಟಿಸಿಬಿಡುವ ಲಾರಾವೆಲ್ ವ್ಯಾಲಿಡೇಟರ್ ಮಧ್ಯೆ ಬರುತ್ತಲೇ ಇರಲಿಲ್ಲ.

ಡಾಕ್ಯುಮೆಂಟೇಶನ್‌ನಲ್ಲಿ ಇದು ಬರೆದಿದೆ, ನಾನೇ ಅಷ್ಟು ದೂರ ಓದಿರಲಿಲ್ಲ. ‘ಇಂಪ್ಲಿಸಿಟ್’ ಅಂತ ಸೇರಿಸಿ ರೂಲ್ ಮಾಡಿದರೆ ಖಾಲಿ ಇದ್ದರೂ ಓಡುತ್ತದೆ. ನಾನು ಆ ದಾರಿ ಹಿಡಿಯಲಿಲ್ಲ. ಕಡ್ಡಾಯವೋ ಅಲ್ಲವೋ ಅನ್ನೋದನ್ನು ಲಾರಾವೆಲ್‌ನಲ್ಲೇ ಇರುವ ‘ರಿಕ್ವೈರ್ಡ್ ಇಫ್’ ರೂಲಿಗೆ ಬಿಟ್ಟೆ, ನಂಬರ್ ಸರಿ ಇದೆಯಾ ಅನ್ನೋದನ್ನಷ್ಟೇ ನನ್ನ ಕ್ಲಾಸ್ ನೋಡುತ್ತದೆ. ಕ್ಲಾಸ್ ಅರ್ಧಕ್ಕಿಳಿಯಿತು.

ದುಡ್ಡು ಕೇಳದ ಸಾಮಾನು, ಐದಕ್ಕೆ ನಾಲ್ಕು ಸ್ಟಾರ್. ಟೆಸ್ಟ್‌ಗಳನ್ನೆಲ್ಲ ವ್ಯಾಲಿಡೇಟರ್ ಮೂಲಕವೇ ಓಡುವ ಹಾಗೆ ತಿದ್ದುತ್ತಿದ್ದೇನೆ, ಇನ್ನೂ ಹನ್ನೊಂದು ರೂಲ್ ಬಾಕಿ ಇವೆ.